ಅತಿಥಿಯ ಭಾಷಣ ಮುಗಿದ ಮೇಲೆ

ನಮ್ಮ ನಾಡಿನ ಅನೇಕ ಪಟ್ಟಣಗಳ ಹೊಸ್ತಿಲಲ್ಲಿ ನೀವು ಎರಡು ಫಲಕಗಳನ್ನು ನೋಡಿರುತ್ತೀರಿ. ಒಂದರ ಮೇಲೆ 24 ಹಲ್ಲುಗಳ ಒಂದು ಚಕ್ರ. ಇನ್ನೊಂದರ ಮೇಲೆ ಆಚೆಗೊಂದು ಈಚೆಗೊಂದು ಮುಖ ಮಾಡಿದ ಎರಡು ಸಿಂಹಗಳು. ಮೊದಲನೆಯದು ರೋಟರಿ ಕ್ಲಬ್ಬಿನದು, ಎರಡನೆಯದು ಲಯನ್ಸ್ ಕ್ಲಬ್ಬಿನದು. ಬಸ್ಸಿನಲ್ಲಿ ಕುಳಿತವರಿಗೆ ಅವು ಊರು ಬಂತು, ಗಂಟುಮೂಟೆ ಕೂಡಿಸಿಕೊಳ್ಳಿ ಎಂದು ಹೇಳುವ ಗುರುತುಗಳು ಅಷ್ಟೆ. ಈ ಕ್ಲಬ್ಬುಗಳಲ್ಲಿ ಇರುವವರು ಯಾರು, ಅವರು ಸೇರಿ ಮಾಡುವುದೇನು ಎಂಬುದು ಊರಿನಲ್ಲಿ ಬಹಳ ಮಂದಿಗೆ ತಿಳಿಯದು.

ಡಾಕ್ಟರು, ವಕೀಲರು, ಜವಳಿ ಅಂಗಡಿಯವರು, ಅಕ್ಕಿ ಗಿರಣಿಯ ಸಾಹುಕಾರರು, ಬ್ಯಾಂಕಿನ ಮ್ಯಾನೇಜರು, ಕಾಲೇಜಿನ ಅಧ್ಯಾಪಕರು, ಇಂಥವರು ವಾರಕ್ಕೋ ಪಕ್ಷಕ್ಕೋ ಒಂದು ಸಂಜೆ ಒಂದೆಡೆ ಸೇರುತ್ತಾರೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಕಾರ್ಯದರ್ಶಿಗಳು ವರದಿ ಓದುತ್ತಾರೆ, ಹುಟ್ಟುಹಬ್ಬ ಬಂದವರಿಗೆ ಚಪ್ಪಾಳೆಯಾಗುತ್ತದೆ. ಆಮೇಲೆ ಅತಿಥಿಯ ಭಾಷಣ. ಅತಿಥಿಯನ್ನು ಪರಿಚಯ ಮಾಡಿಕೊಡುವವರು ಅತಿಥಿಗಿಂತ ಹೆಚ್ಚು ಹೊತ್ತು ಮಾತನಾಡುವುದೂ ಉಂಟು. ಕಡೆಗೆ ಶಾಲು, ಹಾರ, ಸ್ಮರಣಿಕೆ, ವಂದನಾರ್ಪಣೆ, ಊಟ.

ಇದನ್ನು ಕಂಡು ನಗುವುದು ಸುಲಭ. ಆದರೆ ಈ ಕ್ಲಬ್ಬುಗಳ ಚರಿತ್ರೆಯನ್ನು ತೆಗೆದು ನೋಡಿದರೆ, ಅವುಗಳ ಒಳ್ಳೆಯ ಕೆಲಸಗಳಲ್ಲಿ ಕೆಲವಕ್ಕೆ ಮೂಲ ಹೊರಗಿನವರೊಬ್ಬರು ಬಂದು ಆಡಿದ ಮಾತು. ಅತಿಥಿಗಳಲ್ಲಿ ಎರಡು ಬಗೆ. ತಮಗೆ ಗೊತ್ತಿರುವುದನ್ನು ಹೇಳಿ ಹೋಗುವವರು ಕೆಲವರು, ಬಂದು ಏನನ್ನಾದರೂ ಕೇಳುವವರು ಕೆಲವರು. ಈ ಎರಡನೆಯ ಬಗೆಯವರ ಸಂಗತಿಯನ್ನೇ ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ರೋಟರಿ ಹುಟ್ಟಿದ್ದು 1905ರ ಫೆಬ್ರವರಿ 23ರಂದು, ಅಮೆರಿಕೆಯ ಷಿಕಾಗೊ ನಗರದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಗಣಿ ಇಂಜಿನಿಯರು, ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ದರ್ಜಿ, ಈ ನಾಲ್ವರು ಅಂದು ಕಲೆತರು. ಆ ಮೇಲೆ ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸುತ್ತುತ್ತಿದ್ದುದರಿಂದಲೇ ಆ ಹೆಸರು. ಒಂದೊಂದು ಕಸುಬಿಗೆ ಒಬ್ಬನೇ ಸದಸ್ಯ. ಉದ್ದೇಶವೇನೆಂದರೆ ಸ್ನೇಹ, ಜೊತೆಗೆ ವ್ಯಾಪಾರ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರವಾಯಿತು ಎಂದು ಲೆಕ್ಕ ಬರೆಯುವುದಕ್ಕೇ ಒಬ್ಬರಿದ್ದರು!

1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಕ್ಲಬ್ಬಿಗೆ ಸೇರಲು ಕರೆದರು. ಅವರು ನಿಯಮಗಳನ್ನೆಲ್ಲ ಓದಿ, ಸದಸ್ಯರಿಗೆ ಬಿಟ್ಟು ಬೇರೆ ಯಾರಿಗೂ ಉಪಯೋಗವಿಲ್ಲದ ಕೂಟ ನನಗೇಕೆ ಎಂದುಬಿಟ್ಟರು. ಕ್ಲಬ್ಬಿನವರು ಕೋಪಿಸಿಕೊಳ್ಳಲಿಲ್ಲ, ಹಾಗಾದರೆ ನೀವೇ ಬಂದು ನಿಯಮ ತಿದ್ದಿ ಎಂದರು. ಕಾರ್ಟರ್ ಸೇರಿದರು. ಊರಿನ ಹಿತವೂ ಕ್ಲಬ್ಬಿನ ಉದ್ದೇಶಗಳಲ್ಲಿ ಒಂದಾಯಿತು.

ಮೊದಲು ಕೈಗೆತ್ತಿಕೊಂಡ ದೊಡ್ಡ ಕಾರ್ಯ ಯಾವುದೆಂದು ಊಹಿಸಬಲ್ಲಿರಾ? ಸಾರ್ವಜನಿಕ ಶೌಚಾಲಯ. ಪೇಟೆಗೆ ಬಂದವರು ದೇಹಬಾಧೆ ತೀರಿಸಿಕೊಳ್ಳಬೇಕಾದರೆ ಪಾನಗೃಹಕ್ಕೋ ದೊಡ್ಡ ಅಂಗಡಿಗೋ ಹೋಗಬೇಕಾಗಿತ್ತು. ಹೋದ ಮೇಲೆ ಏನನ್ನಾದರೂ ಕೊಳ್ಳದೆ ಬರುವುದಕ್ಕೆ ಸಂಕೋಚ. 1907ರಲ್ಲಿ ಕ್ಲಬ್ಬು ಈ ಬೇಡಿಕೆಯನ್ನು ಎತ್ತಿದಾಗ ವಿರೋಧಿಸಿದವರು ಬಿಯರ್ ತಯಾರಕರು ಮತ್ತು ದೊಡ್ಡ ಅಂಗಡಿಯವರು. ನಮ್ಮಲ್ಲಿ ಅನುಕೂಲವಿದ್ದೇ ಇದೆ, ಪುರಸಭೆಗೆ ಖರ್ಚೇಕೆ ಎಂದು ಅವರ ವಾದ! ಎರಡು ವರ್ಷ ಹೋರಾಡಿದ ಮೇಲೆ ಶೌಚಾಲಯ ಎದ್ದಿತು.

ಲಯನ್ಸ್ ಸಂಸ್ಥೆಯೂ ಷಿಕಾಗೊದ್ದೇ. 1917ರಲ್ಲಿ ಅದನ್ನು ಕಟ್ಟಿದ ಮೆಲ್ವಿನ್ ಜೋನ್ಸ್ ವಿಮೆಯ ವ್ಯವಹಾರದವರು. ಸದಸ್ಯರ ಹಣಕಾಸಿನ ಲಾಭವನ್ನು ಯಾವ ಕ್ಲಬ್ಬೂ ತನ್ನ ಉದ್ದೇಶವಾಗಿ ಇಟ್ಟುಕೊಳ್ಳಕೂಡದೆಂದು ಮೊದಲ ಸಮ್ಮೇಳನದಲ್ಲೇ ಕಟ್ಟು ಮಾಡಿದರು. ಆದರೆ ಲಾಭ ಬೇಡವೆಂದರೆ ಸಾಲದು, ಮಾಡುವುದೇನು ಎಂಬ ಪ್ರಶ್ನೆ ಉಳಿದಿತ್ತು. ಉತ್ತರ ಕೊಟ್ಟವರು ಒಬ್ಬ ಅತಿಥಿ.

1925ರ ಜೂನ್ 30ರಂದು, ಒಹಾಯೊ ಸಂಸ್ಥಾನದ ಸೀಡರ್ ಪಾಯಿಂಟ್‌ನಲ್ಲಿ ಸೇರಿದ್ದ ಲಯನ್ಸ್ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದರು. ಆಗ ಅವರಿಗೆ 45 ವರ್ಷ. 19 ತಿಂಗಳ ಹಸುಗೂಸಾಗಿದ್ದಾಗಲೇ ಕಾಯಿಲೆಯಿಂದ ಕಣ್ಣೂ ಹೋಗಿತ್ತು, ಕಿವಿಯೂ ಹೋಗಿತ್ತು. ಮಾತನ್ನು ಕಲಿತದ್ದು ಬೆರಳ ತುದಿಯ ಸ್ಪರ್ಶದಿಂದ. ಆ ದಿನ ಅವರು ತಮ್ಮ ಕಷ್ಟವನ್ನು ಹೇಳಿಕೊಂಡು ಕಣ್ಣೀರು ತರಿಸಿ ಹೋಗಬಹುದಾಗಿತ್ತು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿ ಊಟಕ್ಕೆ ಹೋಗುತ್ತಿದ್ದರು. ಆಕೆ ಹಾಗೆ ಮಾಡಲಿಲ್ಲ. ತಡೆಯಬಹುದಾದ ಕುರುಡು ಇನ್ನು ಇರದಂತೆ ಮಾಡಿ, ಕಿವುಡ ಕುರುಡ ಮಕ್ಕಳಲ್ಲಿ ಯಾರೂ ವಿದ್ಯೆಯಿಲ್ಲದೆ ಉಳಿಯದಂತೆ ನೋಡಿಕೊಳ್ಳಿ, ಕುರುಡರ ಪರವಾಗಿ ಕತ್ತಲೆಯ ಮೇಲೆ ದಂಡೆತ್ತಿ ಹೋಗುವ ವೀರರು ನೀವಾಗಿ ಎಂದು ನೇರವಾಗಿ ಕೇಳಿದರು. ಸಮ್ಮೇಳನ ಒಪ್ಪಿತು. ಇಂದಿಗೂ ಲಯನ್ಸ್ ಎಂದರೆ ಕಣ್ಣಿನ ಕೆಲಸ ನೆನಪಾಗುವುದಕ್ಕೆ ಆ ಭಾಷಣವೇ ಕಾರಣ.

ಐದು ವರ್ಷದ ಮೇಲೆ, 1930ರಲ್ಲಿ, ಇಲಿನಾಯ್ ಸಂಸ್ಥಾನದ ಪಿಯೋರಿಯ ಊರಿನ ಲಯನ್ಸ್ ಅಧ್ಯಕ್ಷ ಜಾರ್ಜ್ ಬಾನ್ಹಮ್ ಒಬ್ಬ ಕುರುಡ ಬೀದಿ ದಾಟಲು ಒದ್ದಾಡುವುದನ್ನು ಕಂಡರು. ಅವನ ಕೈಯ ಕೋಲು ಕಪ್ಪು. ಮೋಟಾರು ನಡೆಸುವವರಿಗೆ ಅದು ಕಾಣುತ್ತಿರಲಿಲ್ಲ. ಕೋಲಿಗೆ ಬಿಳಿ ಬಣ್ಣ ಬಳಿಸಿ ಕೆಂಪು ಪಟ್ಟೆ ಹಾಕಿಸಿದರು. ಬಿಳಿ ಕೋಲು ಹಿಡಿದವನಿಗೆ ವಾಹನಗಳು ದಾರಿ ಬಿಡಬೇಕೆಂದು ಅದೇ ವರ್ಷ ಆ ಊರ ನಗರಸಭೆ ಕಟ್ಟಳೆ ಮಾಡಿತು. ಬಣ್ಣಕ್ಕೆ ಎಷ್ಟು ಖರ್ಚಾಗಿದ್ದೀತು, ಹೇಳಿ!

ನಮ್ಮ ದೇಶಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1919-20ರಲ್ಲಿ. ಬೆಂಗಳೂರಿಗೆ 1934ರಲ್ಲಿ ಬಂತು. ಲಯನ್ಸ್ 1956ರಲ್ಲಿ ಮುಂಬಯಿಯಿಂದ ಆರಂಭವಾಯಿತು. ಕರ್ನಾಟಕದಲ್ಲಿ ಕಣ್ಣಿನ ಶಿಬಿರವೆಂದರೆ ಹಿರಿಯರು ಡಾ. ಎಂ. ಸಿ. ಮೋದಿಯವರನ್ನು ನೆನೆಯುತ್ತಾರೆ. ಅಂದಿನ ಶಿಬಿರಗಳಲ್ಲಿ ಶಾಲೆಯ ಕೊಠಡಿಯೇ ಆಸ್ಪತ್ರೆ. ಪೊರೆ ತೆಗೆಯುವ ಕೈ ಡಾಕ್ಟರದು. ಚಾಪೆ, ಗಂಜಿ, ಬಿಸಿನೀರು, ಮುದುಕರನ್ನು ಕರೆತರುವ ಗಾಡಿ, ಇವು ಊರಿನವರ ಹೊಣೆ. ಇಂಥಲ್ಲಿ ಕ್ಲಬ್ಬುಗಳು ಕೈಕೂಡಿಸಿದವು. ಸೋಂಕಿನ ಅಪಾಯದಿಂದಾಗಿ ಈಗ ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ. ಪಟ ತೆಗೆಸಿಕೊಳ್ಳುವವರು ತಪಾಸಣೆಯ ದಿನ ಇರುತ್ತಾರೆ. ವಾರ ಕಳೆದ ಮೇಲೆ ಅಜ್ಜಿಯನ್ನು ಮರುಪರೀಕ್ಷೆಗೆ ಕರೆದೊಯ್ದು, ಕಣ್ಣಿಗೆ ಹನಿ ಹಾಕಿದರೋ ಇಲ್ಲವೋ ಎಂದು ವಿಚಾರಿಸುವ ಸದಸ್ಯನೇ ನಿಜವಾಗಿ ಕೆಲಸ ಮಾಡಿದವನು.

ಪೋಲಿಯೊ ಸಂಗತಿ ನಿಮಗೆ ಗೊತ್ತೇ ಇದೆ. ಅದನ್ನು ಜಗತ್ತಿನಿಂದಲೇ ತೊಡೆಯುವ ಕೆಲಸಕ್ಕೆ ರೋಟರಿ 1985ರಲ್ಲಿ ಕೈಹಾಕಿತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಎರಡು ಹನಿ, ಎಡಗೈ ಕಿರುಬೆರಳಿಗೆ ಒಂದು ಮಸಿಯ ಗುರುತು. 2009ರಲ್ಲಿ ಕೂಡ ದೇಶದಲ್ಲಿ 741 ಮಕ್ಕಳಿಗೆ ರೋಗ ತಗಲಿತ್ತು. 2011ರ ಜನವರಿ 13ರಂದು ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಂಡದ್ದೇ ಕಡೆಯದು. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದರ ಬಹುಪಾಲು ಶ್ರೇಯಸ್ಸು ಮನೆಮನೆ ಅಲೆದ ಆರೋಗ್ಯ ಕಾರ್ಯಕರ್ತೆಯರದು. ಅವರ ಜೊತೆಗೆ ನಿಂತದ್ದು ಕ್ಲಬ್ಬಿನವರ ಪಾಲು.

ಒಂದು ಮಾತನ್ನು ಮಾತ್ರ ಮುಚ್ಚಿಡಲಾಗದು. ಹೆಲೆನ್ ಕೆಲರ್ ಅತಿಥಿಯಾಗಿ ಲಯನ್ಸಿನ ದಾರಿಯನ್ನೇ ತಿರುಗಿಸಿದರೂ, ಹೆಂಗಸರಿಗೆ ಅಲ್ಲಿ ಸದಸ್ಯತ್ವ ದೊರೆತದ್ದು 1987ರಲ್ಲಿ. ರೋಟರಿಯ ಕಥೆಯೂ ಅದೇ. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಚಿಕ್ಕ ಊರಿನ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮೇಲಿನವರು ಆ ಕ್ಲಬ್ಬನ್ನೇ ಹೊರಹಾಕಿದರು. ವ್ಯಾಜ್ಯ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1987ರಲ್ಲಿ ಡುವಾರ್ಟೆಯ ಪರವಾಗಿ ತೀರ್ಪಾಯಿತು; 1989ರಲ್ಲಿ ಲೋಕದ ಎಲ್ಲ ರೋಟರಿ ಕ್ಲಬ್ಬುಗಳ ಬಾಗಿಲೂ ತೆರೆಯಿತು. 2022ರಲ್ಲಿ ಜೆನಿಫರ್ ಜೋನ್ಸ್ ಎಂಬ ಮಹಿಳೆ ಅದರ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಅಷ್ಟು ದಶಕಗಳ ಕಾಲ ಊರಿನ ಅರ್ಧ ಜನರ ಬುದ್ಧಿಯನ್ನು ಹೊರಗಿಟ್ಟು ಊರಿನ ಸೇವೆಗೆ ಹೊರಟದ್ದು ಎಂಥ ಲೆಕ್ಕವೋ!

ಇನ್ನು ನಿಮ್ಮ ಮಾತಿಗೆ ಬರೋಣ. ನೀವು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಎಂದಿಟ್ಟುಕೊಳ್ಳಿ. ಮುಂದಿನ ತಿಂಗಳು ನಿಮ್ಮೂರ ಕ್ಲಬ್ಬಿನವರು ನಿಮ್ಮನ್ನೇ ಅತಿಥಿಯಾಗಿ ಕರೆದಾರು. ಸ್ತ್ರೀಶಿಕ್ಷಣದ ಮಹತ್ವವನ್ನು ಕುರಿತು ನಾಲ್ಕು ಮಾತು ಹೇಳಿ ಎಂದಾರು. ಹೇಳಿ, ಆದರೆ ಐದು ನಿಮಿಷದಲ್ಲಿ ಮುಗಿಸಿ. ಉಳಿದ ಹೊತ್ತಿನಲ್ಲಿ ಶಾಲೆಗೆ ಎರಡು ಶೌಚಾಲಯ ಬೇಕೆಂದು ಕೇಳಿ, ಅದಕ್ಕೆ ಕೊಳಾಯಿ ನೀರು ಬೇಕೆಂದು ಕೇಳಿ, ಅದನ್ನು ದಿನವೂ ತೊಳೆಯುವವರಿಗೆ ಸಂಬಳ ಬೇಕೆಂದು ಕೇಳಿ. ಈ ಮೂರನೆಯದನ್ನೇ ಮೊದಲು ಕೇಳುವುದು ಲೇಸು. ಉಳಿದೆರಡಕ್ಕೆ ದಾನಿಗಳ ಹೆಸರು ಕೆತ್ತುವ ಕಲ್ಲು ಇರುತ್ತದೆ, ಸಂಬಳಕ್ಕೆ ಇರುವುದಿಲ್ಲ.