ಸಂಬಳದ ಬಾಕಿ ಮತ್ತು ರಾಜ್ಯಾಧಿಕಾರ



ಹೈದರ್ ಅಲಿಯವರ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ 1780ರ ಪೊಲ್ಲಿಲೂರು ಯುದ್ಧದಿಂದಲೇ ಆರಂಭಿಸುತ್ತೇವೆ. ಆಂಗ್ಲರನ್ನು ಮಣಿಸಿದ ಕಥೆ ಕಿವಿಗೆ ಹಿತ. ಅವರನ್ನು ದೂಷಿಸುವವರಾದರೋ, ರಾಜ್ಯ ಕಬಳಿಸಿದವರು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಓರ್ವ ಸೈನಿಕ ರಾಜ್ಯದ ಒಡೆಯನಾದದ್ದು ಹೇಗೆಂಬುದನ್ನು ಇತ್ತಂಡಗಳೂ ಹೇಳುವುದಿಲ್ಲ. ನಮ್ಮ ಮಕ್ಕಳು ಕೇಳಬೇಕಾದ ಪ್ರಶ್ನೆ ಅದು.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದ ಹೈದರ್ ಓದು ಬರಹ ಕಲಿತವರಲ್ಲ. 1749ರಲ್ಲಿ ಇಲ್ಲೇ ನೆರೆಯ ದೇವನಹಳ್ಳಿಯ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನವರ ಗಮನ ಸೆಳೆದರು. ಮುಂದೆ ದಿಂಡಿಗಲ್ಲಿನ ಫೌಜುದಾರರಾದರು. 1758ರ ಹೊತ್ತಿಗೆ ಮೈಸೂರಿನ ಬೊಕ್ಕಸ ಬರಿದಾಗಿತ್ತು. ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನವರ ಬಾಗಿಲಲ್ಲಿ ಧರಣಿ ಕುಳಿತರು. ಹೈದರ್ ಬಂದರು. ಲೆಕ್ಕಪತ್ರದಲ್ಲಿ ನಿಪುಣರಾಗಿದ್ದ ಖಂಡೇರಾಯರ ನೆರವಿನಿಂದ ಸುಳ್ಳು ಬಾಕಿಗಳನ್ನು ಹೊಡೆದುಹಾಕಿ, ನಿಜವಾದ ಬಾಕಿಯನ್ನು ತೀರಿಸಿದರು. ಸೈನ್ಯ ಯಾರದೆಂಬುದು ಅಂದೇ ನಿರ್ಧಾರವಾಯಿತೆಂದರೆ ತಪ್ಪಾಗಲಾರದು. ಮರುವರ್ಷವೇ ನಂಜರಾಜಯ್ಯ ಅಧಿಕಾರ ತ್ಯಜಿಸಬೇಕಾಯಿತು.

ಬೆಳೆಸಿದವರನ್ನೇ ಬದಿಗೆ ಸರಿಸುವ ಈ ಆಟ ಹೈದರರನ್ನೂ ಬಿಡಲಿಲ್ಲ. 1760ರಲ್ಲಿ ಅದೇ ಖಂಡೇರಾಯರು ಅರಮನೆಯ ಪಕ್ಷ ಸೇರಿ ತಿರುಗಿಬಿದ್ದಾಗ, ಕುಟುಂಬವನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಪಲಾಯನ ಮಾಡಿದರು. 1761ರಲ್ಲಿ ಮರಳಿ ಗೆದ್ದರು. ಸೋತ ಖಂಡೇರಾಯರನ್ನು ಕಬ್ಬಿಣದ ಪಂಜರದಲ್ಲಿಟ್ಟು, ಗಿಳಿಗೆ ಕೊಡುವಂತೆ ಹಾಲು ಅನ್ನ ಕೊಡಿಸಿದರೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಆಂಗ್ಲನ ಬರಹವೆಂಬ ಕಾರಣಕ್ಕೇ ಇದನ್ನು ತಳ್ಳಿಹಾಕುವುದು ನಮಗೆ ಸರಿಯೆನಿಸದು.

ದಕ್ಷಿಣ ಅಮೆರಿಕದ ಚಿಲಿಯನ್ನು ನೋಡಿ. 1973ರ ಆಗಸ್ಟ್‌ನಲ್ಲಿ ಅಧ್ಯಕ್ಷ ಅಯೆಂದೆ ಜನರಲ್ ಪಿನೊಷೆಯನ್ನು ಸೇನಾಧಿಪತಿಯನ್ನಾಗಿ ನೇಮಿಸಿದರು. ಮೂರು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 11ರಂದು, ಸೇನೆಯು ಆ ಸರಕಾರವನ್ನು ಉರುಳಿಸಿತು. ಪಿನೊಷೆ ತನ್ನನ್ನು ಅಧ್ಯಕ್ಷನೆಂದು ಕರೆದುಕೊಂಡ. ಹೈದರ್ ಆ ಹೆಸರಿಗೂ ಆಶಿಸಲಿಲ್ಲ. ಒಡೆಯರನ್ನು ಸಿಂಹಾಸನದಲ್ಲೇ ಉಳಿಸಿ, ದಸರಾದಲ್ಲಿ ಪ್ರಜೆಗಳಿಗೆ ದರ್ಶನ ಕೊಡಿಸಿ, ಬೊಕ್ಕಸವನ್ನೂ ಸೈನ್ಯವನ್ನೂ ತಮ್ಮ ಕೈಯಲ್ಲಿಟ್ಟುಕೊಂಡರು. ಚುನಾಯಿತ ಸರಕಾರವನ್ನು ಕೆಡವುದಕ್ಕೂ ಅರಮನೆಯ ಕಚ್ಚಾಟದಲ್ಲಿ ಮೇಲೇರುವುದಕ್ಕೂ ಅಂತರವಿದೆ, ನಿಜ. ಆದರೆ ಈ ಚಿಕ್ಕಬಳ್ಳಾಪುರದ ಪಾಳೆಯಗಾರರಿಗೆ ಆ ಅಂತರ ಕಂಡಿರಲಾರದು. ಮುರಾರಿರಾಯನ ನೆರವಿದ್ದೂ ಅವರ ಕೋಟೆ ಹೈದರರ ವಶವಾಯಿತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರ್ ನಿಧನರಾದರು. ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸೈನ್ಯದ ಬಲದಿಂದ ಬಂದ ಅಧಿಕಾರಕ್ಕೆ ಸೈನ್ಯದ್ದೇ ಭಯ. ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಸುಗಂಧ ದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿ, ಬೆಲೆಬಾಳುವ ಸರಕೆಂಬಂತೆ, ಮೃತದೇಹವನ್ನು ಕೋಲಾರದಲ್ಲಿರುವ ತಂದೆಯ ಗೋರಿಯ ಬಳಿಗೆ ಸಾಗಿಸಲಾಯಿತು. ಶ್ರೀರಂಗಪಟ್ಟಣದ ಗುಂಬಜಿಗೆ ಅದು ಹೋದದ್ದು ಆ ಬಳಿಕ.