ಇಫ್ತಾರ್‌ನ ಶರ್ಬತ್ತು ಮತ್ತು ನಮ್ಮ ದೇಹತೂಕ



ಹಗಲಿಡೀ ಅನ್ನ ನೀರು ತೊರೆದು ಒಂದು ತಿಂಗಳು ಕಳೆಯುವ ಸಮುದಾಯ ನಮ್ಮದು. ಲೆಕ್ಕಪ್ರಕಾರ ಈದ್‌ನ ದಿನ ನಮ್ಮ ಉಡುಪುಗಳು ಸಡಿಲವಾಗಬೇಕು. ಆದರೆ ಅನೇಕರಿಗೆ ಅವು ಬಿಗಿಯಾಗಿರುತ್ತವೆ. ಉಪವಾಸವನ್ನು ಇದಕ್ಕೆ ದೂರುವಂತಿಲ್ಲ. ಮಗ್‌ರಿಬ್‌ನ ಬಾಂಗ್ ಮೊಳಗಿದ ಬಳಿಕ ನಮ್ಮ ಸುಪ್ರದ ಮೇಲೆ ಏನೇನು ಬರುತ್ತದೆ ಎಂಬುದನ್ನು ನೋಡಬೇಕು. ಕರಿದ ತಿಂಡಿಗಳ ಬಗ್ಗೆ ಸಾಕಷ್ಟು ಉಪದೇಶಗಳಾಗಿವೆ. ಇಂದು ನಾವು ಸಕ್ಕರೆಯ ವಿಷಯವನ್ನಷ್ಟೇ ಎತ್ತಿಕೊಳ್ಳುತ್ತೇವೆ.

ಒಂದು ಲೋಟ ಶರ್ಬತ್ತಿಗೆ ನಾಲ್ಕು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ಚಮಚಕ್ಕೆ 5 ಗ್ರಾಂನಂತೆ 20 ಗ್ರಾಂ ಆಯಿತು. ಬಾಯಾರಿದವರು ಒಂದೇ ಲೋಟಕ್ಕೆ ನಿಲ್ಲಿಸುವುದಿಲ್ಲ. ಮೂರು ಲೋಟಕ್ಕೆ 60 ಗ್ರಾಂ, ತರಾವೀಹ್‌ನ ನಂತರದ ಎರಡು ಚಹಾಕ್ಕೆ ಇನ್ನೂ 20 ಗ್ರಾಂ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇರುವುದರಿಂದ ಪಾನೀಯದಿಂದಲೇ 320 ಕ್ಯಾಲೊರಿ ಒಳಸೇರಿತು. ಪಾಯಸ, ಹಲ್ವಾಗಳನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ, ದಿನಕ್ಕೆ 2000 ಕ್ಯಾಲೊರಿ ಸೇವಿಸುವವನಿಗೆ ಇಂತಹ ಸಕ್ಕರೆಯ ಗರಿಷ್ಠ ಮಿತಿ 50 ಗ್ರಾಂ. 25 ಗ್ರಾಂಗೆ ಇಳಿಸಿದರೆ ಇನ್ನೂ ಉತ್ತಮ.

ಘನ ಆಹಾರವನ್ನು ತಿಂದಾಗ ಹೊಟ್ಟೆ ತುಂಬಿದ ಅನುಭವವಾಗುತ್ತದೆ. ದ್ರವರೂಪದ ಸಕ್ಕರೆ ಹಾಗಲ್ಲ. ಮೂರು ಲೋಟ ಕುಡಿದವನು ಬಿರಿಯಾನಿಯನ್ನೇನೂ ಕಡಿಮೆ ತಿನ್ನುವುದಿಲ್ಲ. ಆದ್ದರಿಂದ ತೂಕ ಇಳಿಸಲು ಬಯಸುವವರು ಮೊದಲು ಕೈಹಾಕಬೇಕಾದುದು ಲೋಟಕ್ಕೆ. ಕಾಮಕಸ್ತೂರಿ ಬೀಜದಿಂದ ಯಾರಿಗೂ ತೊಂದರೆಯಿಲ್ಲ, ಅದರ ಜೊತೆಗೆ ಸುರಿಯುವ ಕೆಂಪು ಸಿರಪ್ಪನ್ನು ಬಿಡಿ. ಕಲ್ಲಂಗಡಿಯನ್ನು ಹಿಂಡಬೇಡಿ, ತುಂಡು ಮಾಡಿ ತಿನ್ನಿ. ಖರ್ಜೂರದಲ್ಲೂ ಸಕ್ಕರೆಯಿದೆ, ಆದರೆ ನಾರಿನಂಶವೂ ಇದೆ. ಒಂದೋ ಮೂರೋ ತಿಂದು ಉಪವಾಸ ತೊರೆಯುವುದಕ್ಕೂ ತಟ್ಟೆಯನ್ನೇ ಖಾಲಿ ಮಾಡುವುದಕ್ಕೂ ವ್ಯತ್ಯಾಸವಿದೆಯಲ್ಲವೇ?

ಸಕ್ಕರೆಯ ಬದಲು ಬೆಲ್ಲ, ಜೇನು ಬಳಸಿದರೆ ತೂಕ ಇಳಿಯುತ್ತದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ತೂಕದ ಮಟ್ಟಿಗೆ ಅವು ಸಕ್ಕರೆಯ ಸೋದರರೇ. ಇನ್ನು ಕೃತಕ ಸಿಹಿಕಾರಕಗಳನ್ನು ತೂಕ ನಿಯಂತ್ರಣಕ್ಕಾಗಿ ಬಳಸದಿರುವಂತೆ ಅದೇ ಸಂಸ್ಥೆ 2023ರಲ್ಲಿ ಸಲಹೆ ನೀಡಿತು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಬೊಜ್ಜು ಈ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಎಲ್ಲ ಹೊಣೆಯನ್ನೂ ತಿನ್ನುವವನ ಹೆಗಲಿಗೇರಿಸುವುದು ನ್ಯಾಯವಲ್ಲ. ಅಮೆರಿಕದ ಸಕ್ಕರೆ ಉದ್ದಿಮೆಯು ಹಾರ್ವರ್ಡ್‌ನ ವಿಜ್ಞಾನಿಗಳಿಗೆ ಹಣ ನೀಡಿ, ಹೃದ್ರೋಗದ ಅಪವಾದವನ್ನು ಸಕ್ಕರೆಯಿಂದ ಕೊಬ್ಬಿನತ್ತ ತಿರುಗಿಸುವ ಲೇಖನವನ್ನು 1967ರಲ್ಲಿ ಬರೆಸಿತು. ಅದು ಬಯಲಾದದ್ದು 2016ರಲ್ಲಿ! ನಮ್ಮಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ತಂಪು ಪಾನೀಯಗಳಿಗೆ 40 ಶೇಕಡಾ ಜಿಎಸ್‌ಟಿ ವಿಧಿಸಿದ ಸರಕಾರವು, ಅದೇ ದಿನದಿಂದ ಚಾಕೊಲೇಟ್, ಬಿಸ್ಕತ್ತು, ಐಸ್‌ಕ್ರೀಮ್‌ಗಳ ತೆರಿಗೆಯನ್ನು 18ರಿಂದ 5 ಶೇಕಡಾಕ್ಕೆ ಇಳಿಸಿತು. ಆರೋಗ್ಯ ನೀತಿಯೆಂದು ಇದನ್ನು ಕರೆಯುವುದು ಕಷ್ಟ.

ಆದರೂ ನಮ್ಮ ಮನೆಯೊಳಗಿನ ಒತ್ತಾಯಕ್ಕೆ ಸರಕಾರ ಕಾರಣವಲ್ಲ. 'ಬೇಡ' ಎಂದ ಅತಿಥಿಯ ತಟ್ಟೆಗೆ ಹಲ್ವಾದ ತುಂಡನ್ನು ಹಾಕಿಯೇ ತೀರುವುದನ್ನು ನಾವು ಸತ್ಕಾರವೆನ್ನುತ್ತೇವೆ. ಸಕ್ಕರೆ ಇಲ್ಲದ ಚಹಾ ಕೇಳಿದವರನ್ನು 'ಶುಗರ್ ಬಂದಿದೆಯೇ?' ಎಂದು ವಿಚಾರಿಸುತ್ತೇವೆ. ಸೊಸೆಯಾದವಳು ಇಂತಹ ಮನೆಯಲ್ಲಿ ತೂಕ ಇಳಿಸಲು ಹೊರಟರೆ ಅವಳ ಪಾಡೇನು?

ಸಕ್ಕರೆಯನ್ನು ಒಮ್ಮೆಲೇ ತೊರೆಯಬೇಕಾಗಿಲ್ಲ. ಚಹಾದಲ್ಲಿ ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ಪಡೆಯುತ್ತಿರುವವರು ಮಾತ್ರ ಆಹಾರವನ್ನು ಬದಲಿಸುವ ಮುನ್ನ, ಉಪವಾಸ ಆರಂಭಿಸುವ ಮುನ್ನ ವೈದ್ಯರನ್ನು ಕಾಣಲೇಬೇಕು. ಅವರಲ್ಲಿ ಸಕ್ಕರೆಯಂಶ ತೀರಾ ಕುಸಿದರೆ ಪ್ರಾಣಕ್ಕೇ ಅಪಾಯ. ಅಂತಹ ಸ್ಥಿತಿಯಲ್ಲಿ ತಕ್ಷಣ ಸಕ್ಕರೆ ನೀರು ಕುಡಿದು ಉಪವಾಸ ತೊರೆಯಬೇಕು.

ಮಸೀದಿಯ ಜಮಾಅತ್ ಸಮಿತಿಯವರೊಡನೆ ನಮ್ಮದೊಂದು ವಿನಂತಿಯಿದೆ. ಸಾಮೂಹಿಕ ಇಫ್ತಾರ್‌ಗೆ ಶರ್ಬತ್ತನ್ನು ಪ್ರಾಯೋಜಿಸಲು ದಾನಿಗಳು ಮುಂದೆ ಬಂದಾಗ, ಅದೇ ಹಣಕ್ಕೆ ಮಜ್ಜಿಗೆಯನ್ನೋ ಕಲ್ಲಂಗಡಿಯನ್ನೋ ಕೇಳಿ ಪಡೆಯಿರಿ. ಕುಡಿಯುವ ನೀರಿನ ಕೊಡವನ್ನು ಮೂಲೆಯಿಂದ ಎತ್ತಿ ಸಾಲಿನ ಮಧ್ಯದಲ್ಲಿಡಿ.