ಕಿಟಕಿಯ ಗಾಜು ಇಳಿದು ಎಲ್ಲಿಗೆ ಹೋಗುತ್ತದೆ?



ಒಂದು ಮಳೆಗಾಲದಲ್ಲಿ ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಮಂಜು ನೋಡಬೇಕೆಂದು ನನ್ನಾಕೆ ತನ್ನ ಕಡೆಯ ಗಾಜು ಇಳಿಸಿದಳು. ಇಳಿಯಿತು, ಮತ್ತೆ ಏರಲಿಲ್ಲ. ಗುಂಡಿ ಎತ್ತಿದಷ್ಟೂ ಬಾಗಿಲೊಳಗಿಂದ ಗರ್ರ್ ಎಂಬ ಸದ್ದು ಮಾತ್ರ. ಆಗುಂಬೆಯ ಮಳೆ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಕಾರಿನೊಳಗೇ ಕೊಡೆ ಬಿಚ್ಚಿ ಹಿಡಿದು ಕೂತು ತೀರ್ಥಹಳ್ಳಿ ಮುಟ್ಟಿದೆವು. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗನಿಗೆ ಇದೆಲ್ಲ ಹಬ್ಬ. ಅವನದು ಒಂದೇ ಪ್ರಶ್ನೆ: "ಅಜ್ಜ, ಗಾಜು ಇಳಿದು ಎಲ್ಲಿಗೆ ಹೋಗುತ್ತೆ?"

ತೀರ್ಥಹಳ್ಳಿಯಲ್ಲಿ ಸಿಕ್ಕ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರು ಹಿಡಿಯಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ, "ಈಗ ಒತ್ತಿ ಮಾರಾಯ್ರೆ" ಅಂದರು. ಒತ್ತಿದೆ. "ಮೋಟರ್ ಗಟ್ಟಿ ಇದೆ, ಕೇಬಲ್ ಹೋಗಿದೆ" ಅಂದರು. ಆಮೇಲೆಯೇ ಬಾಗಿಲಿನ ಒಳಹೊದಿಕೆ, ಅವರ ಬಾಯಲ್ಲಿ ಡೋರ್ ಪ್ಯಾಡ್, ಬಿಚ್ಚಿದ್ದು. ಬರೀ ಸದ್ದು ಕೇಳಿ ರೋಗ ಹೇಳುವ ವಿದ್ಯೆ ಬಾನುಲಿಗೆ ಒಪ್ಪುವಂಥದ್ದು ಎನಿಸಿತು. ಹಾಗಾಗಿ ಇವತ್ತು ಕಾರಿನ ಬಾಗಿಲೊಳಗೆ ಇಣುಕೋಣ.

ಕಾರಿನ ಬಾಗಿಲು ಎರಡು ತಗಡಿನ ನಡುವಿನ ಟೊಳ್ಳು. ಮೊಮ್ಮಗನ ಪ್ರಶ್ನೆಗೆ ಉತ್ತರ ಅಷ್ಟೇ: ಗಾಜು ಆ ಟೊಳ್ಳಿನೊಳಗೆ ಇಳಿದು ನಿಲ್ಲುತ್ತದೆ. ಅದರ ಕೆಳಅಂಚನ್ನು ಒಂದು ಹಿಡಿಕೆ ಕಚ್ಚಿಕೊಂಡಿರುತ್ತದೆ. ಆ ಹಿಡಿಕೆಯನ್ನು ಏರಿಸಿ ಇಳಿಸುವ ಸಲಕರಣೆಗೆ ರೆಗ್ಯುಲೇಟರ್ ಎನ್ನುತ್ತಾರೆ. ಹಳೆಯ ಕಾರುಗಳಲ್ಲಿ ಅದು ಕತ್ತರಿಯಂತೆ ಅಡ್ಡಹಾಯುವ ಎರಡು ಕಬ್ಬಿಣದ ತೋಳು. ಈಗಿನ ಬಹುಪಾಲು ಕಾರುಗಳಲ್ಲಿ ನೆಟ್ಟಗಿನ ಒಂದು ಕಂಬಿ, ಅದರ ತುದಿಗಳಲ್ಲಿ ಪುಟ್ಟ ರಾಟೆಗಳು, ಅವನ್ನು ಬಳಸಿ ಹೋಗುವ ತೆಳ್ಳನೆಯ ಉಕ್ಕಿನ ಹಗ್ಗ. ಮೋಟರು ಹಗ್ಗವನ್ನು ಒಂದು ಕಡೆ ಸುತ್ತಿಕೊಳ್ಳುತ್ತ ಇನ್ನೊಂದು ಕಡೆ ಬಿಡುತ್ತದೆ. ಬಾವಿಯ ರಾಟೆಯಂತೆಯೇ ಅನ್ನಿ.

ಆದರೆ ಬಾವಿಯಲ್ಲಿ ಹಗ್ಗ ಬಿಟ್ಟರೆ ಕೊಡ ದಬಕ್ಕನೆ ನೀರಿಗೆ ಬೀಳುತ್ತದೆ. ಕಾರಿನ ಗಾಜು ಅರ್ಧಕ್ಕೆ ನಿಲ್ಲಿಸಿ ಗುಂಡಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಕೈಯಿಂದ ಒತ್ತಿದರೂ ಜಗ್ಗುವುದಿಲ್ಲ. ಮೋಟರಿಗೆ ಆಗ ಕರೆಂಟೇ ಇಲ್ಲವಲ್ಲ, ಹಿಡಿದಿರುವುದು ಯಾರು?

ಇದಕ್ಕೆ ಉತ್ತರ ವೀಣೆಯಲ್ಲಿದೆ. ಹಳೆಯ ವೀಣೆಗಳಲ್ಲಿ ತಂತಿ ಬಿಗಿಯುವುದು ಮರದ ಬಿರಡೆಯಿಂದ. ತೂತಿನಲ್ಲಿ ಅದು ಬಿಗಿಯಾಗಿ ಕೂತಿರಬೇಕು. ಜಾರಿತೋ, ಶ್ರುತಿಯೂ ಜಾರಿತು. ಈಚಿನ ಎಷ್ಟೋ ವೀಣೆಗಳಿಗೆ ಗಿಟಾರಿನ ಮಾದರಿಯ ಕೀಲಿ ಬಂದಿದೆ. ಅದರಲ್ಲಿ ತಿರುಪಿನಂಥ ಒಂದು ಸಣ್ಣ ದಂಡ ಹಲ್ಲಿನ ಚಕ್ರವೊಂದಕ್ಕೆ ಕಚ್ಚಿಕೊಂಡಿರುತ್ತದೆ. ನೀವು ದಂಡ ತಿರುಗಿಸಿದರೆ ಚಕ್ರ ತಿರುಗುತ್ತದೆ, ಆದರೆ ತಂತಿ ಎಷ್ಟೇ ಎಳೆದರೂ ಚಕ್ರವು ದಂಡವನ್ನು ಹಿಂದಕ್ಕೆ ತಿರುಗಿಸಲಾರದು. ಇದೇ ವರ್ಮ್ ಗಿಯರ್. ಕಾರಿನ ಬಾಗಿಲೊಳಗಿನ ಮೋಟರಿನ ತುದಿಯಲ್ಲಿರುವುದೂ ಇದೇ. ಮುಷ್ಟಿಯಲ್ಲಿ ಹಿಡಿಯಬಹುದಾದ 12 ವೋಲ್ಟಿನ ಮೋಟರು ಭರ್ರನೆ ತಿರುಗುತ್ತದೆ. ದಂಡ ಹತ್ತಾರು ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು. ವೇಗ ಕಳೆದುಕೊಂಡು ಬಲ ಗಳಿಸುವ ವ್ಯಾಪಾರ ಇದು.

ಗಾಜು ಏರಲು ಒಂದು ತಂತಿ, ಇಳಿಯಲು ಇನ್ನೊಂದು ಎಂದುಕೊಳ್ಳಬೇಡಿ. ಮೋಟರಿಗೆ ಇರುವುದೇ ಎರಡು ತಂತಿ. ಸಾಮಾನ್ಯ ಜೋಡಣೆಯಲ್ಲಿ, ಗುಂಡಿ ಸುಮ್ಮನಿರುವಾಗ ಎರಡೂ ಅರ್ತ್‌ಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ, ಸೇರಿರುತ್ತವೆ. ಒಂದು ಕಡೆ ಒತ್ತಿದರೆ ಒಂದು ತಂತಿಗೆ ಬ್ಯಾಟರಿಯ ಪ್ಲಸ್ ಸಿಗುತ್ತದೆ, ಇನ್ನೊಂದು ಕಡೆ ಒತ್ತಿದರೆ ಇನ್ನೊಂದಕ್ಕೆ. ಕರೆಂಟಿನ ದಿಕ್ಕು ತಿರುಗಿದರೆ ಮೋಟರೂ ಉಲ್ಟಾ ತಿರುಗುತ್ತದೆ. ಹಿಂದಿನ ಕಿಟಕಿಗಳ ದಾರಿ ಎಷ್ಟೋ ಕಾರುಗಳಲ್ಲಿ ಚಾಲಕನ ಬಾಗಿಲ ಗುಂಡಿಗಳ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದಲೇ ಹಿಂದಿನ ಕಿಟಕಿ ಕೆಟ್ಟಿದೆ ಎಂದು ಹೋದವರಿಗೆ ಮುಂದಿನ ಬಾಗಿಲಿನ ಸ್ವಿಚ್ ಬದಲಿಸಿ ಕಳಿಸುವುದುಂಟು. ಮೋಸ ಮಾಡಿದರು ಎಂದು ಬೈಯುವ ಮೊದಲು ಇದೊಂದು ನೆನಪಿರಲಿ.

ಇನ್ನು ಸದ್ದಿನ ವಿಷಯ. ಗರ್ರ್ ಎಂದು ಮೋಟರು ಸರಾಗ ತಿರುಗಿಯೂ ಗಾಜು ಅಲ್ಲಾಡದಿದ್ದರೆ ಹಗ್ಗ ಹರಿದಿದೆ, ಇಲ್ಲವೇ ಗಾಜು ಹಿಡಿದ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಕಟಕಟ ಎಂದರೆ ಎಲ್ಲೋ ಹಲ್ಲು ಸವೆದಿದೆ, ಹಗ್ಗ ರಾಟೆ ಬಿಟ್ಟಿದ್ದರೂ ಇದೇ ಸದ್ದು. ಮುಕ್ಕಿರಿಯುತ್ತ ನಿಧಾನ ಏರಿದರೆ ತಪ್ಪು ಮೋಟರಿನದ್ದಾಗಿರದೆ ಗಾಜು ಜಾರುವ ರಬ್ಬರಿನ ಚಾನಲ್ಲಿನದ್ದಿರಬಹುದು. ದೂಳು ಕೂತು, ಬಿಸಿಲಿಗೆ ಗಟ್ಟಿಯಾಗಿ, ರಬ್ಬರು ಗಾಜನ್ನು ಹಿಡಿದೆಳೆಯುತ್ತಿರುತ್ತದೆ. ಚೆನ್ನಾಗಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಸಾವಿರಾರು ರೂಪಾಯಿ ಉಳಿಯುತ್ತದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು. ಗುಂಡಿ ಒತ್ತಿ ಹಿಡಿದು ಬಾಗಿಲಿಗೆ ಗುದ್ದಿದಾಗ ಗಾಜು ತಟ್ಟನೆ ಏರಿತೋ, ಮೋಟರಿನ ಕಾರ್ಬನ್ ಬ್ರಷ್ ಸವೆದಿದೆ ಎಂದು ಲೆಕ್ಕ. ಗುದ್ದಿನ ಚಿಕಿತ್ಸೆ ಹೆಚ್ಚು ದಿನ ನಡೆಯದು.

ವರ್ಮ್ ಗಿಯರಿನ ಬಲಕ್ಕೆ ಒಂದು ಕರಾಳ ಮುಖವೂ ಇದೆ. ಅದಕ್ಕೆ ರಬ್ಬರೂ ಒಂದೇ, ಮಗುವಿನ ಕುತ್ತಿಗೆಯೂ ಒಂದೇ. ಅಮೆರಿಕದಲ್ಲಿ ಮಕ್ಕಳು ಕಿಟಕಿಯಿಂದ ತಲೆ ಹೊರಹಾಕಿದಾಗ ತಮ್ಮದೇ ಮೊಣಕಾಲು ಗುಂಡಿಯ ಮೇಲೆ ಬಿದ್ದು, ಗಾಜು ಏರಿ, ಜೀವ ಹೋದ ಪ್ರಸಂಗಗಳು ನಡೆದವು. ಅಲ್ಲಿ 2005ರ ಕಾಯಿದೆಯೊಂದು ಇದಕ್ಕೆ ಮದ್ದು ಹುಡುಕಿತು: ಗುಂಡಿಯನ್ನು ಮೇಲಕ್ಕೆ ಎತ್ತಿದರೆ ಮಾತ್ರ ಗಾಜು ಏರಬೇಕು. ಮೊಣಕಾಲು ಒತ್ತಬಲ್ಲದು, ಎತ್ತಲಾರದು. ಇನ್ನು ಒಂದೇ ಸಲ ಮುಟ್ಟಿದರೆ ತಾನಾಗಿ ಏರಿಹೋಗುವ ಕಿಟಕಿಗಳಲ್ಲಿ ಮೋಟರಿನ ಸುತ್ತುಗಳನ್ನು ಎಣಿಸುವ ಪುಟ್ಟ ಸಂವೇದಕ ಇರುತ್ತದೆ. ದಾರಿಯ ನಡುವೆ ಸುತ್ತು ನಿಧಾನವಾಯಿತೋ, ಏನೋ ಅಡ್ಡ ಸಿಕ್ಕಿದೆ ಎಂದು ತಿಳಿದು ಗಾಜನ್ನು ಕೆಳಗಿಳಿಸುತ್ತದೆ. ಹಿಸುಕುವ ಬಲ 100 ನ್ಯೂಟನ್ನು, ಅಂದಾಜು 10 ಕಿಲೋ ಭಾರ, ಮೀರುವ ಮೊದಲೇ ಹಿಂದೆ ಸರಿಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಈ ಸೌಕರ್ಯ ಕೆಲವು ಕಾರುಗಳಲ್ಲಿ ಚಾಲಕನ ಕಿಟಕಿಗೆ ಮಾತ್ರ ಇರುತ್ತದೆ. ಮಕ್ಕಳು ಕೂರುವುದೋ ಹಿಂದೆ! ನಿಮ್ಮ ಕಾರಿನಲ್ಲಿ ಯಾವ ಕಿಟಕಿಗಿದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಪರೀಕ್ಷೆಗೆಂದು ಬೆರಳಿಡಬೇಡಿ.

ಈಗ ಗಾಜಿಗೇ ಬರೋಣ. ಗಾಜು ಒಡೆಯಬಾರದು ಎಂದು ನಾವು ಬಯಸುತ್ತೇವೆ. ಕಾರಿನ ಗಾಜು ಮಾಡುವವರು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಒಡೆದರೆ ಹೇಗೆ ಒಡೆಯಬೇಕು? ಈ ಪ್ರಶ್ನೆಗೆ ಒಂದೇ ಕಾರಿನಲ್ಲಿ ಎರಡು ವಿರುದ್ಧ ಉತ್ತರಗಳಿವೆ. ಒಂದು ಬಾಗಿಲಿನದು, ಇನ್ನೊಂದು ಮುಂದಿನ ಗಾಜಿನದು.

ಬಾಗಿಲಿನ ಗಾಜು ಸಾಮಾನ್ಯವಾಗಿ ಟಫನ್ಡ್ ಗ್ಲಾಸ್. ದಪ್ಪ ಮೂರು–ನಾಲ್ಕು ಮಿಲಿಮೀಟರು. ಅದನ್ನು ಮೊದಲು ಬೇಕಾದ ಆಕಾರಕ್ಕೆ ಕತ್ತರಿಸಿ, ಬೇಕಾದಲ್ಲಿ ತೂತು ಕೊರೆದು, ಅಂಚು ಉಜ್ಜಿ, 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸುತ್ತಾರೆ. ಮೆತ್ತಗಾದ ಗಾಜನ್ನು ಬಾಗಿಸಿ, ಎರಡೂ ಕಡೆಯಿಂದ ರಭಸದ ಗಾಳಿ ಊದುತ್ತಾರೆ. ಹೊರಮೈ ಕ್ಷಣದಲ್ಲಿ ತಣಿದು ಗಟ್ಟಿಯಾಗುತ್ತದೆ, ಒಳಗು ಇನ್ನೂ ಬಿಸಿ. ಆಮೇಲೆ ಒಳಗು ತಣಿಯುತ್ತ ಕುಗ್ಗಲು ಹೊರಟರೆ, ಆಗಲೇ ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಈ ಜಗಳ ಗಾಜಿನಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ: ಹೊರಮೈಗೆ ಹಿಸುಕು, ಒಳಗೆ ಎಳೆತ. ಗಾಜು ಒಡೆಯುವುದು ಮೇಲ್ಮೈಯ ಗೀರೊಂದು ಬಾಯಿ ತೆರೆದಾಗ. ಇಲ್ಲಿ ಹಿಸುಕು ಆ ಬಾಯನ್ನು ಮುಚ್ಚಿ ಹಿಡಿದಿರುತ್ತದೆ. ಆದ್ದರಿಂದ ಇದು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಚೂಪಾದ ಯಾವುದೋ ಆ ಹೊರಮೈ ದಾಟಿ ಒಳಗಿನ ಎಳೆತದ ಪದರವನ್ನು ಮುಟ್ಟಿತೋ, ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಓಡಿ, ಇಡೀ ಗಾಜು ಕಲ್ಲುಸಕ್ಕರೆ ಹರಳಿನಂತೆ ಉದುರುತ್ತದೆ. ಕತ್ತಿಯಂಥ ಚೂರುಗಳಿಲ್ಲ. ಕೈ ತರಚೀತು, ಕುತ್ತಿಗೆ ಕೊಯ್ಯದು.

ಈ ಗುಣ ಹೊಸದಲ್ಲ. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬಾಲವಿರುವ ಗೊದಮೊಟ್ಟೆಯಂಥ ಗಾಜಿನ ತುಂಡಾಗುತ್ತದೆ. ತಲೆಗೆ ಸುತ್ತಿಗೆಯಿಂದ ಬಡಿದರೂ ತಡೆದುಕೊಳ್ಳುತ್ತದೆ. ಬಾಲ ಚಿವುಟಿದರೆ ಇಡಿಯಾಗಿ ಸಿಡಿದು ಪುಡಿಯಾಗುತ್ತದೆ. ರಾಜಕುಮಾರ ರೂಪರ್ಟ್ ಎಂಬಾತ 1660ರ ಸುಮಾರಿಗೆ ಇದನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನಿಗೆ ತೋರಿಸಿದ. ಆಸ್ಥಾನದ ಆ ಆಟಿಕೆಯ ತತ್ವವೇ ಈಗ ನಮ್ಮ ಬಾಗಿಲಲ್ಲಿ ಕೂತಿದೆ.

ಇದೇ ಗುಣ ಜೀವ ಉಳಿಸಲೂಬಹುದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕಾರು ಸಿಕ್ಕಿಹಾಕಿಕೊಂಡು, ಯುವತಿಯೊಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ನೀರಿನಲ್ಲಿ ಬಾಗಿಲು ಯಾಕೆ ತೆರೆಯುವುದಿಲ್ಲ? ಹೊರಗೆ ನೀರು, ಒಳಗೆ ಗಾಳಿ. ಸರಾಸರಿ ಅರ್ಧ ಮೀಟರ್ ಆಳವೆಂದರೂ, ಒಂದು ಚದರ ಮೀಟರಿನ ಬಾಗಿಲಿನ ಮೇಲೆ 500 ಕಿಲೋ ಭಾರ ಒರಗಿರುತ್ತದೆ. ಕಿಟಕಿಯ ಗಾಜಿನ ಮೇಲೂ ಭಾರಿ ಒತ್ತಡ ಬಿದ್ದು, ಅದು ಚೌಕಟ್ಟಿಗೆ ಅಂಟಿ, ಮೋಟರು ಸೋಲುತ್ತದೆ. ನೀರು ಗಾಜಿನ ಮಟ್ಟಕ್ಕೆ ಏರುವ ಮೊದಲೇ ಕಿಟಕಿ ಇಳಿಸಬೇಕು, ಫೋನು ಮಾಡುವುದು ಆಮೇಲೆ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪು ಮೊನೆಯ ಸುತ್ತಿಗೆಯಿಂದ ಹೊಡೆಯಬೇಕು. ಮುಂದಿನ ಗಾಜಿಗೆ ಹೊಡೆಯುತ್ತ ಕೂತರೆ ಕೆಲಸ ಆಗದು.

ಯಾಕೆಂದರೆ ಮುಂದಿನದು ಬೇರೆ ಜಾತಿ. ಅದು ಲ್ಯಾಮಿನೇಟೆಡ್. ಎರಡೆರಡು ಮಿಲಿಮೀಟರಿನ ಎರಡು ಗಾಜು, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಪಿ.ವಿ.ಬಿ. ಎಂಬ ಪ್ಲಾಸ್ಟಿಕ್ಕಿನ ಹಾಳೆ. ಕಲ್ಲು ಬಿದ್ದರೆ ಜೇಡರ ಬಲೆಯಂತೆ ಬಿರಿಯುತ್ತದೆ, ಉದುರುವುದಿಲ್ಲ. ಚಾಲಕನಿಗೆ ದಾರಿ ಕಾಣುತ್ತಿರಬೇಕು, ಗುದ್ದಿದಾಗ ಒಳಗಿದ್ದವರು ಹೊರಗೆ ಎಸೆಯಲ್ಪಡಬಾರದು. ಇದರ ಹಿಂದೆ ಎಡ್ವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ಕಲಾವಿದ, ರಸಾಯನಶಾಸ್ತ್ರಜ್ಞನ ಕಥೆಯಿದೆ. 1903ರಲ್ಲಿ ಅವನ ಪ್ರಯೋಗಾಲಯದಲ್ಲಿ ಸೀಸೆಯೊಂದು ಕೆಳಗೆ ಬಿದ್ದು ಬಿರಿಯಿತು, ಚದುರಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತಂತೆ. 1909ರಲ್ಲಿ ಅವನು ಪೇಟೆಂಟ್ ಪಡೆದ. ಆಗಿನ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಪಿ.ವಿ.ಬಿ. ಬಂದು ಆ ಕಾಟ ತಪ್ಪಿತು.

ಮುಂದೆ ಹೋಗುವ ಟಿಪ್ಪರಿನಿಂದ ಹಾರಿದ ಜಲ್ಲಿ ಈ ಗಾಜಿನ ಮೇಲೆ ಚುಕ್ಕೆ ಮಾಡಿದರೆ ಉದಾಸೀನ ಬೇಡ. ಬಿಸಿಲಲ್ಲಿ ಕಾದ ಗಾಜಿಗೆ ಒಳಗಿನಿಂದ ಏಸಿ ಊದಿದಾಗ, ಅಥವಾ ತಣ್ಣೀರು ಸುರಿದಾಗ, ಆ ಚುಕ್ಕೆಯಿಂದ ಗೆರೆ ಓಡುತ್ತದೆ. ನಾಣ್ಯಕ್ಕಿಂತ ಸಣ್ಣದಿರುವಾಗಲೇ ರಾಳ ತುಂಬಿಸಿ ನಿಲ್ಲಿಸಬಹುದು. ಗಾಜಿನ ಅಂಚಿನಲ್ಲಿರುವ ಕಪ್ಪು ಪಟ್ಟಿ ಶೋಕಿಗಲ್ಲ. ಗಾಜನ್ನು ಕಾರಿಗೆ ಅಂಟಿಸಿದ ಗೋಂದು ಬಿಸಿಲಿಗೆ ಕೆಡದಂತೆ ಅದು ಕಾಯುತ್ತದೆ.

ಬಿಸಿಲೆಂದಾಗ ನೆನಪಾಯಿತು. ಪಿ.ವಿ.ಬಿ. ಹಾಳೆ ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತದೆ. ಬಾಗಿಲಿನ ಗಾಜು ಅಷ್ಟು ತಡೆಯದು. ಬಸ್ಸು, ಲಾರಿ ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಗಿರುವುದಕ್ಕೆ ತೆರೆದ ಕಿಟಕಿಯ ಜೊತೆ ಇದೂ ಒಂದು ಕಾರಣ. ಹಾಗೆಂದು ಕಪ್ಪು ಫಿಲ್ಮ್ ಅಂಟಿಸಿದರೆ? ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಬೆಳಕಿನ ಶೇಕಡ 70, ಪಕ್ಕದ ಗಾಜುಗಳಲ್ಲಿ ಶೇಕಡ 50 ಹಾಯಲೇಬೇಕೆಂದು ನಿಯಮ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು.

ತೀರ್ಥಹಳ್ಳಿಯಲ್ಲಿ ಮೆಕ್ಯಾನಿಕ್ ಹೊಸ ಕೇಬಲ್ ಹಾಕಿ, ಗಾಜು ಏರಿಸಿ ಇಳಿಸಿ ನೋಡಿ, ಡೋರ್ ಪ್ಯಾಡ್ ಕೂರಿಸುವ ಮೊದಲು ಒಂದು ಚೊಂಬು ನೀರನ್ನು ಗಾಜಿನ ಮೇಲೆಯೇ ಸುರಿದರು. ನಾನು ಹೌಹಾರಿದೆ. "ನೀರು ಒಳಗೆ ಹೋಗೇ ಹೋಗುತ್ತೆ ಮಾರಾಯ್ರೆ. ಕೆಳಗೆ ತೂತು ಇಟ್ಟಿರೋದೇ ಅದಕ್ಕೆ" ಅಂದರು. ನೀರು ಹೊರಬರಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಬಾಗಿಲಿನ ಕೆಳಅಂಚಿನ ತೂತುಗಳನ್ನು ಕೆದಕಿದರು. ಕಪ್ಪು ಮಣ್ಣು, ಕೊಳೆತ ಎಲೆ, ಹಿಂದೆಯೇ ನಮ್ಮ ಆಗುಂಬೆಯ ಮಳೆ, ಗಳಗಳನೆ ಸುರಿಯಿತು. ಮೊಮ್ಮಗ ಬಗ್ಗಿ ನೋಡುತ್ತಿದ್ದ.